ಮೊಟ್ಟೆ ಟ್ರೇ, ಥರ್ಮಾಕೋಲ್ ಹಾಕಿದರೆ ಕಾರಿನೊಳಗಿನ ಸದ್ದು ನಿಲ್ಲುತ್ತದೆಯೇ?

ಬಾಗಿಲ ಒಳಗೆ ಮೊಟ್ಟೆ ಟ್ರೇ ಇಡಿ, ಕಾರ್ಪೆಟ್ ಕೆಳಗೆ ಥರ್ಮಾಕೋಲ್ ಹಾಸಿ, ಮನೆಯ ತಾರಸಿ ಸೋರದಂತೆ ಅಂಟಿಸುವ ಬೆಳ್ಳಿ ಬಣ್ಣದ ಟೇಪ್ ತಂದು ತಗಡಿಗೆ ಮೆತ್ತಿ, ಐನೂರು ರೂಪಾಯಿಯಲ್ಲಿ ನಿಮ್ಮ ಸಣ್ಣ ಕಾರು ದುಬಾರಿ ಕಾರಿನಷ್ಟು ನಿಶ್ಶಬ್ದವಾಗುತ್ತದೆ. ಈ ಧಾಟಿಯ ವಿಡಿಯೊ ನಿಮ್ಮ ವಾಟ್ಸ್ಆ್ಯಪ್ ಗುಂಪಿಗೂ ಬಂದಿರಬಹುದು. ನಿಜವೇ? ಮೊದಲ ಎರಡರಿಂದ ಏನೂ ಆಗುವುದಿಲ್ಲ. ಮೂರನೆಯದರಿಂದ ಸ್ವಲ್ಪ ಉಪಯೋಗವಿದೆ, ಆದರೆ ಜೊತೆಗೊಂದು ತಲೆನೋವೂ ಇದೆ.

ಮೊಟ್ಟೆ ಟ್ರೇ ನಂಬಿಕೆ ಎಲ್ಲಿಂದ ಬಂತು ಎಂದು ಊಹಿಸುವುದು ಕಷ್ಟವಲ್ಲ. ಹಾಡು ರೆಕಾರ್ಡ್ ಮಾಡುವ ಸ್ಟುಡಿಯೊ ಗೋಡೆಗಳಲ್ಲಿ ಉಬ್ಬುತಗ್ಗಿನ ಫೋಮ್ ಇರುತ್ತದೆ, ನೋಡಲು ಟ್ರೇ ಥರವೇ. ಆದರೆ ಕೆಲಸ ಮಾಡುವುದು ಆ ಆಕಾರವಲ್ಲ, ಫೋಮಿನ ದಪ್ಪ ಮತ್ತು ಅದರೊಳಗಿನ ಸಣ್ಣ ರಂಧ್ರಗಳು. ಅದೂ ಕೂಡ ಕೋಣೆಯೊಳಗಿನ ಪ್ರತಿಧ್ವನಿಯನ್ನು ಹೀರುತ್ತದೆಯೇ ಹೊರತು ಹೊರಗಿನ ಸದ್ದನ್ನು ತಡೆಯುವುದಿಲ್ಲ. ಕಾರಿನಲ್ಲಿ ನಮ್ಮನ್ನು ಸುಸ್ತು ಮಾಡುವುದು ಹೆಚ್ಚಾಗಿ 'ಗುಂಯ್' ಎನ್ನುವ ದಪ್ಪ ಸದ್ದು. ಸೆಕೆಂಡಿಗೆ 100 ಸಲ ಕಂಪಿಸುವ ಸದ್ದಿನ ಒಂದು ಅಲೆ ಸುಮಾರು 3.4 ಮೀಟರ್ ಉದ್ದವಿರುತ್ತದೆ. ಅದರ ಮುಂದೆ ಒಂದು ಸೆಂಟಿಮೀಟರ್ ಫೋಮ್ ಯಾವ ಲೆಕ್ಕ? ಥರ್ಮಾಕೋಲ್ ಅಂತೂ ತೀರಾ ಹಗುರ, ಸದ್ದನ್ನು ತಡೆಯಲು ಬೇಕಾದ ತೂಕವೇ ಅದಕ್ಕಿಲ್ಲ. ಇನ್ನು ಬಾಗಿಲ ಒಳಗೆ ಮಳೆ ನೀರು ಇಳಿಯುತ್ತದೆ. ಕಿಟಕಿ ಗಾಜಿನ ಪಕ್ಕದಿಂದ ಇಳಿದು ತಳದ ತೂತುಗಳಿಂದ ಹೊರಗೆ ಹೋಗುವಂತೆಯೇ ಬಾಗಿಲನ್ನು ಮಾಡಿರುತ್ತಾರೆ. ಅಲ್ಲಿ ಕಾಗದದ ಟ್ರೇ ಇಟ್ಟರೆ ಒಂದೇ ಮಳೆಗಾಲಕ್ಕೆ ಮುದ್ದೆ.

ಹಾಗಾದರೆ ಯಾವುದು ಕೆಲಸ ಮಾಡುತ್ತದೆ? ಅಡುಗೆಮನೆಯಲ್ಲಿ ಸ್ಟೀಲ್ ತಟ್ಟೆ ಬಿದ್ದು ಠಣ್ ಎಂದು ಸದ್ದು ಮಾಡುತ್ತಿದ್ದಾಗ ಅದರ ಮೇಲೆ ಒಂದು ಬೆರಳಿಡಿ, ತಕ್ಷಣ ನಿಲ್ಲುತ್ತದೆ. ಕಾರಿನ ಬಾಗಿಲು, ನೆಲ, ಡಿಕ್ಕಿ ಎಲ್ಲ ತೆಳು ತಗಡು. ರಸ್ತೆಯ ಅದುರಿಗೆ ಅವು ತಟ್ಟೆಯಂತೆಯೇ ಕಂಪಿಸುತ್ತವೆ. ಬ್ಯುಟೈಲ್ ರಬ್ಬರಿನ ಮೇಲೆ ಅಲ್ಯೂಮಿನಿಯಂ ಹಾಳೆ ಅಂಟಿಸಿದ ಶೀಟುಗಳು ಕಾರ್ ಆಕ್ಸೆಸರಿ ಅಂಗಡಿಗಳಲ್ಲಿ ಸಿಗುತ್ತವೆ. ಅವು ಆ ಬೆರಳಿನ ಕೆಲಸ ಮಾಡುತ್ತವೆ, ಕಂಪನವನ್ನು ರಬ್ಬರಿನೊಳಗೆ ಅತಿ ಸಣ್ಣ ಪ್ರಮಾಣದ ಶಾಖವಾಗಿ ಬದಲಿಸುತ್ತವೆ. ಹಣ ಉಳಿಯುವ ಗುಟ್ಟೂ ಇಲ್ಲೇ ಇದೆ. ತಟ್ಟೆಯನ್ನು ನಿಲ್ಲಿಸಲು ಇಡೀ ಅಂಗೈ ಬೇಕಿಲ್ಲ, ಹಾಗೆಯೇ ತಗಡಿನ ಇಂಚಿಂಚೂ ಮುಚ್ಚಬೇಕಿಲ್ಲ. ಬೆರಳಲ್ಲಿ ತಟ್ಟಿದಾಗ ಡಬ್ಬದಂತೆ ಸದ್ದು ಮಾಡುವ ದೊಡ್ಡ ಬಯಲು ಭಾಗಗಳ ಕಾಲು ಭಾಗದಿಂದ ಅರ್ಧದಷ್ಟು ಮುಚ್ಚಿದರೂ ಹೆಚ್ಚಿನ ಪ್ರಯೋಜನ ಸಿಕ್ಕಿಬಿಡುತ್ತದೆ. ಉಳಿದದ್ದು ಬರೀ ಭಾರ, 2 ಮಿಲಿಮೀಟರ್ ದಪ್ಪದ ಶೀಟು ಚದರ ಮೀಟರಿಗೆ ಸುಮಾರು 3 ಕಿಲೊ ತೂಗುತ್ತದೆ. ಅಂಟಿಸುವ ಮೊದಲು ತಗಡಿನ ಎಣ್ಣೆ, ಧೂಳು ಒರೆಸಿ, ಆಮೇಲೆ ರೋಲರ್‌ನಿಂದ ಬಲವಾಗಿ ಒತ್ತಬೇಕು. ಗಾಳಿ ಗುಳ್ಳೆ ಉಳಿದರೆ ಆ ಜಾಗದಲ್ಲಿ ಶೀಟು ಇದ್ದೂ ಇಲ್ಲದಂತೆ.

ತಾರಸಿ ಟೇಪ್ ನೋಡಲು ಇದೇ ಥರ ಇರುತ್ತದೆ, ಅದಕ್ಕೇ ಗೊಂದಲ. ಆದರೆ ಅಗ್ಗದ ಎಷ್ಟೋ ಟೇಪುಗಳಲ್ಲಿ ಹಾಳೆಯ ಕೆಳಗೆ ಇರುವುದು ಡಾಂಬರಿನಂಥ ಅಂಟು. ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್ 70 ಡಿಗ್ರಿ ಸೆಲ್ಸಿಯಸ್ ಮುಟ್ಟಬಲ್ಲದು. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಆ ಅಂಟು ಮೆತ್ತಗಾಗಿ ಜಾರುತ್ತದೆ, ಕಿಟಕಿ ಇಳಿಸುವ ಯಂತ್ರಕ್ಕೆ ಮೆತ್ತಿಕೊಳ್ಳುತ್ತದೆ, ಕಿಟಕಿ ಮುಚ್ಚಿ ಕೂತರೆ ಡಾಂಬರು ವಾಸನೆ. ಕಾರು ಕಂಪನಿಗಳೇ ನೆಲಕ್ಕೆ ಡಾಂಬರಿನ ಹಾಳೆ ಹಾಕುವುದಿಲ್ಲವೇ ಎಂದು ಕೆಲವರು ಕೇಳುತ್ತಾರೆ. ಹಾಕುತ್ತಾರೆ, ಆದರೆ ಕಾರ್ಖಾನೆಯಲ್ಲಿ ಬಣ್ಣ ಒಣಗಿಸುವ ಒಲೆಯ ಶಾಖದಲ್ಲಿ ಅದು ಕರಗಿ ತಗಡಿಗೆ ಬೆಸೆದುಕೊಂಡಿರುತ್ತದೆ. ಆ ಹಾಳೆಯೂ ಬೇರೆ, ಅಂಟಿಸುವ ರೀತಿಯೂ ಬೇರೆ.

ಶೀಟು ಕೊಳ್ಳುವ ಮೊದಲು ಖರ್ಚಿಲ್ಲದ ಎರಡು ಪರೀಕ್ಷೆ ಮಾಡಿ. ಹತ್ತು ರೂಪಾಯಿ ನೋಟನ್ನು ಬಾಗಿಲ ಬೀಡಿಂಗ್ ಮೇಲಿಟ್ಟು ಬಾಗಿಲು ಹಾಕಿ ಎಳೆಯಿರಿ. ಸಲೀಸಾಗಿ ಬಂದರೆ ಅಲ್ಲಿ ಗಾಳಿ ನುಗ್ಗುತ್ತಿದೆ ಎಂದರ್ಥ, ಬೀಡಿಂಗ್ ಬದಲಿಸಿದರೆ ಹೆದ್ದಾರಿಯ 'ಸುಂಯ್' ಸದ್ದು ತಗ್ಗುತ್ತದೆ. ಇನ್ನೊಂದು, ಟೈರ್ ಗಾಳಿ. ಚಾಲಕನ ಬಾಗಿಲ ಚೌಕಟ್ಟಿನ ಸ್ಟಿಕ್ಕರ್‌ನಲ್ಲಿ ಬರೆದದ್ದಕ್ಕಿಂತ ಹೆಚ್ಚು ತುಂಬಿಸಿದರೆ ಟೈರ್ ಗಟ್ಟಿಯಾಗಿ ರಸ್ತೆಯ ಅದುರನ್ನೆಲ್ಲ ಒಳಗೆ ಕಳಿಸುತ್ತದೆ. ವೇಗ ಹೆಚ್ಚಿದಂತೆ ಎಂಜಿನ್‌ಗಿಂತ ಟೈರ್ ಮತ್ತು ಗಾಳಿಯ ಸದ್ದೇ ಮೇಲಾಗುತ್ತದೆ. ಬೆಂಗಳೂರಿನ ವೈಟ್ ಟಾಪಿಂಗ್ ರಸ್ತೆಗೆ ಬಂದ ಕೂಡಲೇ ಕಾರು ಗದ್ದಲ ಮಾಡುವುದು, ಎಲೆಕ್ಟ್ರಿಕ್ ಕಾರಿನಲ್ಲೂ ಸದ್ದು ಕೇಳುವುದು ಇದರಿಂದಲೇ.

ಎಲ್ಲಕ್ಕಿಂತ ಮುಖ್ಯವಾದ ಮಾತನ್ನು ಈ ವಿಡಿಯೊಗಳು ಹೇಳುವುದೇ ಇಲ್ಲ. ಕೆಲವು ಸದ್ದುಗಳನ್ನು ಮುಚ್ಚಬಾರದು. ವೇಗದ ಜೊತೆ ಏರುವ, ಸ್ಟೀರಿಂಗ್ ತಿರುಗಿಸಿದಾಗ ಬದಲಾಗುವ ಗೊರಗೊರ ಸದ್ದು ಚಕ್ರದ ಬೇರಿಂಗ್ ಹೋಗುತ್ತಿರುವ ಸೂಚನೆ ಇರಬಹುದು. ಸೀಟಿನ ಕೆಳಗಿಂದ ಹೊಸದಾಗಿ 'ಭರ್' ಎಂದು ಕೇಳಿಸಿದರೆ ಸೈಲೆನ್ಸರ್ ಪೈಪ್ ತೂತಾಗಿರಬಹುದು. ಅಲ್ಲಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ಕಾರಿನೊಳಗೆ ನುಗ್ಗಿದರೆ ಪ್ರಾಣವನ್ನೇ ತೆಗೆಯಬಲ್ಲದು. ಇಂಥ ಸದ್ದಿಗೆ ಶೀಟು ಅಂಟಿಸಿ ಸುಮ್ಮನಾಗುವುದು ಹೊಗೆ ಕಂಡಾಗ ಕಣ್ಣು ಮುಚ್ಚಿಕೊಂಡಂತೆ. ಮೊದಲು ಗ್ಯಾರೇಜಿಗೆ ಹೋಗಿ.

ಶೀಟು ಹಾಕುವಾಗ ಬಾಗಿಲ ತಳದ ನೀರಿನ ತೂತುಗಳನ್ನು ಬಿಟ್ಟುಬಿಡಿ. ಅವು ಮುಚ್ಚಿದರೆ ನೀರು ನಿಂತು ಬಾಗಿಲು ಒಳಗಿಂದ ತುಕ್ಕು ಹಿಡಿಯುತ್ತದೆ. ಹಳದಿ ಬಣ್ಣದ ವೈರು ಅಥವಾ ಕನೆಕ್ಟರ್ ಕಂಡರೆ ಕೈ ಹಾಕಬೇಡಿ, ಅದು ಸಾಮಾನ್ಯವಾಗಿ ಏರ್‌ಬ್ಯಾಗಿನದು. ಪಕ್ಕದ ಕಂಬಗಳು ಮತ್ತು ಚಾವಣಿಯ ಅಂಚಿನಲ್ಲಿ ಏರ್‌ಬ್ಯಾಗ್ ಮಡಚಿಟ್ಟಿರುವ ಕಾರುಗಳಿವೆ, ಅಲ್ಲಿ ಏನನ್ನೂ ತುರುಕಬಾರದು.

ಇನ್ನು 'ಶೇ 50ರಷ್ಟು ಸದ್ದು ಕಡಿಮೆ' ಎಂಬ ಜಾಹೀರಾತು. ಇದು ಸುಳ್ಳಲ್ಲದಿದ್ದರೂ ಮೋಸ ಹೋಗುವಂತಿದೆ. ಸದ್ದಿನ ಶಕ್ತಿ ಅರ್ಧಕ್ಕೆ ಇಳಿದರೆ ಮೀಟರ್‌ನಲ್ಲಿ ಇಳಿಯುವುದು 3 ಡೆಸಿಬೆಲ್ ಮಾತ್ರ, ಅದು ಕಿವಿಗೆ ಅಷ್ಟಾಗಿ ಗೊತ್ತಾಗುವುದಿಲ್ಲ. ಸದ್ದು ಅರ್ಧವಾಯಿತು ಎಂದು ಕಿವಿಗೆ ಅನಿಸಲು ಸುಮಾರು 10 ಡೆಸಿಬೆಲ್ ಇಳಿಯಬೇಕು, ಅಂದರೆ ಶಕ್ತಿ ಹತ್ತನೇ ಒಂದು ಪಾಲಾಗಬೇಕು. ಮನೆಯಲ್ಲೇ ಮಾಡುವ ಕೆಲಸದಿಂದ ಕೆಲವೇ ಡೆಸಿಬೆಲ್ ನಿರೀಕ್ಷಿಸಿ. ಬಾಗಿಲು ಹಾಕಿದಾಗ ಡಬ್ಬದ ಸದ್ದು ಹೋಗಿ 'ದಪ್' ಎನ್ನುತ್ತದೆ, ಸ್ಪೀಕರ್ ಚೆನ್ನಾಗಿ ಕೇಳುತ್ತದೆ. ದುಬಾರಿ ಕಾರಿನ ಮೌನ ಬರುವುದಿಲ್ಲ.

ಪರೀಕ್ಷಿಸಲು ಫೋನಿನ ಡೆಸಿಬೆಲ್ ಆ್ಯಪ್ ಸಾಕು. ಅದು ತೋರಿಸುವ ಸಂಖ್ಯೆ ಕರಾರುವಾಕ್ಕಾಗಿ ಇರುವುದಿಲ್ಲ, ಆದರೆ ಹೋಲಿಕೆಗೆ ಬರುತ್ತದೆ. ಅದೇ ರಸ್ತೆ, ಅದೇ ವೇಗ, ಎಸಿ ಬಂದ್, ಕಿಟಕಿ ಬಂದ್, ಫೋನ್ ಪಕ್ಕದ ಸೀಟಿನಲ್ಲಿ ಕೂತವರ ಕೈಯಲ್ಲಿ. ಒಂದು ಬಾಗಿಲಿಗೆ ಹಾಕುವ ಮೊದಲು, ಹಾಕಿದ ಮೇಲೆ ಹೀಗೆ ಅಳೆದು, ವ್ಯತ್ಯಾಸ ಕಂಡರೆ ಉಳಿದ ಮೂರಕ್ಕೆ ಶೀಟು ತನ್ನಿ.