ಚೋಳರ ಹೆಸರು ಹೊತ್ತ ಚಂಗಾಳ್ವರು

ಶ್ರವಣಬೆಳಗೊಳದಲ್ಲಿ 1510ರ ಸುಮಾರಿನ ಒಂದು ಶಾಸನವಿದೆ. ಗೊಮ್ಮಟಸ್ವಾಮಿಯ ಸನ್ನಿಧಿಯ ಉಪ್ಪರಿಗೆಯನ್ನು ನಂಜರಾಯಪಟ್ಟಣದ ಶ್ರಾವಕರೂ ಒಂದು ಮಂತ್ರಿ ಮನೆತನದವರೂ ಸೇರಿ ಜೀರ್ಣೋದ್ಧಾರ ಮಾಡಿಸಿದರೆಂಬುದು ಅದರ ಸಾರ. ಆ ಮಂತ್ರಿಗಳ ಒಡೆಯನ ಹೆಸರು ಕುಲೋತ್ತುಂಗ ಚಂಗಾಳ್ವ ಮಹದೇವ. ಹೊಯ್ಸಳ ವಿಷ್ಣುವರ್ಧನ ತಲಕಾಡಿನಿಂದ ಚೋಳರನ್ನು ಓಡಿಸಿದ್ದು 1116ರಲ್ಲಿ. ಚೋಳರು ಈ ನೆಲ ಬಿಟ್ಟು ನಾಲ್ಕು ಶತಮಾನ ಕಳೆದರೂ ಚೋಳ ಚಕ್ರವರ್ತಿಯ ಹೆಸರು ಇಲ್ಲಿನ ಅರಸನ ಮೈಮೇಲೆ ಉಳಿದಿತ್ತು!

ಇಂದಿನ ಹುಣಸೂರು, ಪಿರಿಯಾಪಟ್ಟಣ ಮತ್ತು ಪೂರ್ವ ಕೊಡಗಿನ ಸೀಮೆಯೇ ಚಂಗನಾಡು. ಅದನ್ನು ಆಳಿದ ಚಂಗಾಳ್ವರು ತಮ್ಮನ್ನು ಯಾದವ ಕುಲದವರೆಂದು ಕರೆದುಕೊಂಡರು. ಇಂಥ ವಂಶಾವಳಿಗಳನ್ನು ಆಗಿನ ಸಾಮಂತರಲ್ಲಿ ಹೇಳಿಕೊಳ್ಳದವರೇ ಕಡಿಮೆ. ಅದನ್ನು ಚರಿತ್ರೆ ಎನ್ನುವುದಕ್ಕಿಂತ ಮಹತ್ವಾಕಾಂಕ್ಷೆ ಎನ್ನುವುದೇ ಸರಿ.

ಅವರ ಹಣೆಬರಹ ಬದಲಾದದ್ದು ಪನಸೋಗೆಯ ಕಾಳಗದಿಂದ. ಅದು ಇಂದಿನ ಕೃಷ್ಣರಾಜನಗರದ ಬಳಿಯ ಹನಸೋಗೆ. ರಾಜರಾಜ ಚೋಳನ ದಂಡನಾಯಕ ಪಂಚವನ್ ಮಹಾರಾಯ 11ನೆಯ ಶತಮಾನದ ಆರಂಭದಲ್ಲಿ ಇಲ್ಲಿ ಗೆದ್ದ. ಚೋಳರ ಪರ ಕಾದಿದ ಮನಿಜನೆಂಬ ವೀರನಿಗೆ 'ಕ್ಷತ್ರಿಯಶಿಖಾಮಣಿ ಕೊಂಗಾಳ್ವ' ಎಂಬ ಬಿರುದೂ ಮಾಳಂಬಿ ಎಂಬ ಊರೂ ದಕ್ಕಿದವು. ಚಂಗಾಳ್ವರಿಗೆ ದಕ್ಕಿದ್ದು ತಲೆಬಾಗುವ ಸರದಿ. ಮುಂದೆ ಅದೇ ಹನಸೋಗೆಯ ಬಸದಿಗಳನ್ನು ಹೊಸತು ಮಾಡಿಸಿದ ಅರಸನ ಹೆಸರು ರಾಜೇಂದ್ರಚೋಳ ನನ್ನಿ ಚಂಗಾಳ್ವ! ಇಲ್ಲಿನ ಶಾಸನಗಳ ಗತ್ತು ನೋಡಬೇಕು. ಬಸದಿಗಳನ್ನು ಮೊದಲು ಕಟ್ಟಿಸಿದವನು ದಶರಥನ ಮಗ, ಸೀತೆಯ ಪತಿ ರಾಮ. ಆಮೇಲೆ ದತ್ತಿ ಕೊಟ್ಟವರು ಗಂಗರು. ಅವರ ನಂತರ ನನ್ನಿ ಚಂಗಾಳ್ವ. ಸೋತ ಸಾಮಂತನೊಬ್ಬ ಕಲ್ಲಿನ ಮೇಲೆ ನೇರವಾಗಿ ಶ್ರೀರಾಮನ ಸಾಲಿನಲ್ಲಿ ನಿಂತುಬಿಟ್ಟ. ಚಿಕ್ಕಹನಸೋಗೆಯ ತ್ರಿಕೂಟ ಬಸದಿ ಈಗಲೂ ನಿಂತಿದೆ.

ಹೊಯ್ಸಳರು ಇಷ್ಟು ಸುಲಭದ ಒಡೆಯರಾಗಿರಲಿಲ್ಲ. 1145ರಲ್ಲಿ ಒಂದನೆಯ ನರಸಿಂಹ ಚಂಗಾಳ್ವ ಅರಸನನ್ನು ಯುದ್ಧದಲ್ಲಿ ಕೊಂದು ಆನೆ, ಕುದುರೆ, ಚಿನ್ನ ದೋಚಿದ. 1174ರಲ್ಲಿ ಇಮ್ಮಡಿ ಬಲ್ಲಾಳ ತನ್ನ ದಂಡನಾಯಕ ಬೆಟ್ಟರಸನನ್ನು ಕಳಿಸಿದ. ದಕ್ಷಿಣ ಕೊಡಗಿನ ಪಾಲ್ಪರೆಯನ್ನು ಗೆದ್ದ ಬೆಟ್ಟರಸ ಅದನ್ನೇ ತನ್ನ ಆಡಳಿತದ ನೆಲೆ ಮಾಡಿಕೊಂಡ. ಆದರೂ ಚಂಗಾಳ್ವ ಪೆಮ್ಮ ವೀರಪ್ಪ 'ಎಲ್ಲ ನಾಡುಗಳ ಕೊಡಗರ' ಬೆಂಬಲ ಕಟ್ಟಿಕೊಂಡು ಬೆಟ್ಟರಸನ ಮೇಲೇ ಏರಿಹೋದ. ಬಯಲಿನಲ್ಲಿ ಸೋತರೂ ಬೆನ್ನ ಹಿಂದೆ ಕಾಡು ಮತ್ತು ಕೊಡವ ನಾಡುಗಳ ನಂಟು ಇದ್ದುದರಿಂದಲೇ ಈ ಮನೆತನ ಇಷ್ಟು ಕಾಲ ಬಾಳಿತು ಎನ್ನಬೇಕಾಗುತ್ತದೆ.

ವಿಜಯನಗರದ ಕಾಲದಲ್ಲಿ ಕೊಂಚ ಉಸಿರಾಡುವಷ್ಟು ಬಿಡುವು ಸಿಕ್ಕಿತು. 16ನೆಯ ಶತಮಾನದ ಆರಂಭದಲ್ಲಿ ನಂಜರಾಜ ಕಾವೇರಿಯ ದಡದಲ್ಲಿ ನಂಜರಾಯಪಟ್ಟಣ ಕಟ್ಟಿದ. ಅದು ಈಗ ಕೊಡಗಿನಲ್ಲಿದೆ. ಶತಮಾನದ ಕೊನೆಗೆ ಪಿರಿಯರಾಜ ಸಿಂಗಪಟ್ಟಣವನ್ನು ಜೀರ್ಣೋದ್ಧಾರ ಮಾಡಿ ಅದಕ್ಕೆ ಪಿರಿಯಾಪಟ್ಟಣವೆಂದು ತನ್ನ ಹೆಸರಿಟ್ಟ. ಅರಸರ ಮನೆದೇವರು ಬೆಟ್ಟದಪುರದ ಅನ್ನದಾನಿ ಮಲ್ಲಿಕಾರ್ಜುನ, ಮಂತ್ರಿಗಳ ಮನೆಯಲ್ಲಿ ಜಿನಪೂಜೆ. ಇಂಥ ಜೈನ ಮಂತ್ರಿ ಮನೆತನದಲ್ಲಿ ಹುಟ್ಟಿದವನೇ ಕಲ್ಲಹಳ್ಳಿಯ ಮೂರನೆಯ ಮಂಗರಸ. 'ಜಯನೃಪಕಾವ್ಯ', 'ಸಮ್ಯಕ್ತ್ವಕೌಮುದಿ'ಗಳ ಜೊತೆಗೆ 'ಸೂಪಶಾಸ್ತ್ರ'ವನ್ನೂ ಬರೆದ. ರೊಟ್ಟಿ, ಪಾನಕಗಳಿಂದ ಹಿಡಿದು ಬದನೆ, ಬಾಳೆ, ಹಲಸಿನ ಅಡುಗೆಯವರೆಗೆ ಎಲ್ಲವನ್ನೂ ಷಟ್ಪದಿಯಲ್ಲಿ ಹೇಳಿದವನು ಅವನು. ಯುದ್ಧಗಳ ಪಟ್ಟಿಗಿಂತ ಈ ಅಡುಗೆಮನೆಯೇ ಚಂಗನಾಡನ್ನು ಹೆಚ್ಚು ಪರಿಚಯಿಸುತ್ತದೆ.

ಕೊನೆ ಬಂದದ್ದು ಮೈಸೂರಿನಿಂದ. ಕಂಠೀರವ ನರಸರಾಜ ಒಡೆಯರ ಸೈನ್ಯ 1644ರ ಹೊತ್ತಿಗೆ ಪಿರಿಯಾಪಟ್ಟಣವನ್ನು ಮುತ್ತಿತು. ಕೊನೆಯ ಅರಸ ವೀರರಾಜ ಮಡದಿ ಮಕ್ಕಳನ್ನು ತಾನೇ ಕೊಂದು, ಕತ್ತಿ ಹಿಡಿದು ಕಾದಾಡುತ್ತಲೇ ಸತ್ತನೆಂದು ಐತಿಹ್ಯ. ಚೋಳ, ಹೊಯ್ಸಳ, ವಿಜಯನಗರ ಮೂವರ ಕೆಳಗೂ ಬದುಕಿದ ಮನೆತನ ನೆರೆಯ ಪಾಳೆಯಗಾರನೊಬ್ಬ ಬೆಳೆದಾಗ ಉಳಿಯಲಿಲ್ಲ. ದೂರದ ಚಕ್ರವರ್ತಿಗೆ ಕಪ್ಪ ಸಾಕಿತ್ತು, ಹತ್ತಿರದವನಿಗೆ ನೆಲವೇ ಬೇಕಾಗಿತ್ತು.

ಶಾಸನತಜ್ಞ ಬಿ.ಎಲ್. ರೈಸ್ ತಮ್ಮ ಶಾಸನ ಸಂಪುಟಗಳ ಮಾಲೆಯಲ್ಲಿ ಕೊಡಗಿನ ಶಾಸನಗಳನ್ನು 1886ರಲ್ಲಿ ಮೊದಲ ಸಂಪುಟವಾಗಿಯೂ, ಹುಣಸೂರು, ಯಡತೊರೆ, ಹೆಗ್ಗಡದೇವನಕೋಟೆಗಳ ಶಾಸನಗಳನ್ನು 1898ರಲ್ಲಿ ನಾಲ್ಕನೆಯ ಸಂಪುಟದಲ್ಲಿಯೂ ಪ್ರಕಟಿಸಿದರು. ಎರಡನ್ನೂ ಒಟ್ಟಿಗೆ ತೆರೆದಿಟ್ಟುಕೊಂಡು ಓದದೆ ಚಂಗಾಳ್ವರ ಚರಿತ್ರೆ ಬರೆಯಲಾಗದು. ಏಕೆಂದರೆ ಇಂದಿನ ಮೈಸೂರು, ಕೊಡಗು ಜಿಲ್ಲೆಗಳ ಗಡಿ ಅವರ ನಾಡಿನ ನಡುವೆಯೇ ಹಾದುಹೋಗಿದೆ.