ಟೊಮೆಟೊ ಎಲೆ ಹಳದಿಯಾಯ್ತಾ? ಔಷಧಿ ಅಂಗಡಿಗೆ ಹೋಗೋ ಮುನ್ನ ಗಿಡ ನೋಡಿ

ಕೋಲಾರ: ಟೊಮೆಟೊ ಎಲೆ ಹಳದಿಯಾದ ಕೂಡಲೇ ಅಂಗಡಿಗೆ ಓಡಿ ‘ಏನಾದ್ರೂ ಕೊಡಿ’ ಅನ್ನುವವರೇ ಹೆಚ್ಚು. ಅಂಗಡಿಯವರೇನು ಗಿಡ ನೋಡಿರ್ತಾರಾ? ಹಳದಿ ಎಲ್ಲಿಂದ ಶುರುವಾಗಿದೆ ಅನ್ನೋದನ್ನು ಮೊದಲು ನೋಡಿ.

ಬುಡದ ಹಳೇ ಎಲೆ ಪೂರ್ತಿ ಹಳದಿಯಾಗಿ ಗಿಡ ಸೊರಗಿದ್ದರೆ ಸಾರಜನಕದ ಕೊರತೆ. ಲೀಟರ್ ನೀರಿಗೆ 10 ಗ್ರಾಂ ಯೂರಿಯಾ ಬೆರೆಸಿ ಸಂಜೆ ಹೊತ್ತು ಸಿಂಪಡಿಸಿ. ಹಳೇ ಎಲೆಯ ನರ ಹಸಿರಾಗೇ ಉಳಿದು ನಡುವೆ ಮಾತ್ರ ಹಳದಿಯಾದರೆ ಮೆಗ್ನೀಷಿಯಂ ಕೊರತೆ. ಲೀಟರಿಗೆ 5 ಗ್ರಾಂ ಮೆಗ್ನೀಷಿಯಂ ಸಲ್ಫೇಟ್ ಸಾಕು. ಡ್ರಿಪ್ ಜಾಸ್ತಿ ಬಿಟ್ಟು ಬುಡ ಕೆಸರಾಗಿದ್ದರೂ ಎಲೆ ಹಳದಿಯಾಗುತ್ತೆ. ಅದಕ್ಕೆ ನೀರು ಕಡಿಮೆ ಮಾಡಬೇಕು, ಅಷ್ಟೇ.

ಭಯಪಡಬೇಕಾದ್ದು ಮೇಲಿನ ಚಿಗುರಿಗೆ. ಎಲೆ ಚಿಕ್ಕದಾಗಿ, ಅಂಚು ಹಳದಿಯಾಗಿ, ಮೇಲಕ್ಕೆ ಮುದುರಿ ಗಿಡ ಗಿಡ್ಡಾದರೆ ಅದು ಎಲೆ ಮುದುರು ನಂಜು ರೋಗ. ಹರಡೋದು ಬಿಳಿ ನೊಣ. ಗಿಡ ಅಲುಗಿಸಿದರೆ ಎಲೆಯಡಿಯಿಂದ ಹಾರುತ್ತವೆ. ನಂಜು ಹತ್ತಿದ ಗಿಡವನ್ನು ಯಾವ ಔಷಧಿಯೂ ವಾಸಿ ಮಾಡಲ್ಲ, ‘ವೈರಸ್ ಹೋಗುತ್ತೆ’ ಅಂತ ಕೊಡೋ ಬಾಟಲಿಗೆ ಹಾಕಿದ ದುಡ್ಡು ದಂಡ. ಅಂಥ ಗಿಡ ಕಂಡ ದಿನವೇ ಕಿತ್ತು ಹೂಳಿ, ಹೊಲದಲ್ಲಿ ಹಳದಿ ಅಂಟು ಬಲೆ ಕಟ್ಟಿ. ಮುಂದಿನ ಬೆಳೆಗೆ ಸೊಳ್ಳೆ ಪರದೆಯಂಥ ನೈಲಾನ್ ಬಲೆಯೊಳಗೆ ಬೆಳೆಸಿದ ಸಸಿಯನ್ನೇ ಕೇಳಿ ತನ್ನಿ. ಹೆಸರಘಟ್ಟದ ಐಐಎಚ್‌ಆರ್‌ನ ಅರ್ಕಾ ರಕ್ಷಕ್ ತಳಿಗೆ ಈ ರೋಗ ತಡೆಯುವ ಶಕ್ತಿಯಿದೆ.