ಲಿನಕ್ಸ್‌ಗೆ ಪ್ಯಾಚ್ ಕಳಿಸುವ ರೂಢಿ ಬೆಳೆದ ಬಗೆ

ಲಿನಕ್ಸ್ ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್‌ನ ಸೋರ್ಸ್ ಕೋಡನ್ನು ಯಾರು ಬೇಕಾದರೂ ಓದಬಹುದು, ತಮ್ಮ ಪ್ರತಿಯಲ್ಲಿ ತಿದ್ದಿಕೊಳ್ಳಬಹುದು. ಆ ತಿದ್ದುಪಡಿ ಎಲ್ಲರ ಪ್ರತಿಗೂ ಸೇರಬೇಕಾದರೆ ಅದು ಪ್ಯಾಚ್ ಆಗಿ ಹಲವರ ಕಣ್ಣು ಹಾದು ಬರಬೇಕು. ಯಾವ ಕಡತದಲ್ಲಿ ಯಾವ ಸಾಲು ಹೋಗಬೇಕು, ಅಲ್ಲಿ ಏನು ಬರಬೇಕು ಎಂದಷ್ಟೇ ಹೇಳುವ ಪುಟ್ಟ ಪಠ್ಯವೇ ಪ್ಯಾಚ್. ಹೋಗುವ ಸಾಲಿನ ಮುಂದೆ ಕಳೆಯುವ ಚಿಹ್ನೆ ಇರುತ್ತದೆ, ಬರುವ ಸಾಲಿನ ಮುಂದೆ ಕೂಡುವ ಚಿಹ್ನೆ.

ಈ ರೂಪ ಲಿನಕ್ಸ್‌ಗಿಂತ ಹಳೆಯದು. ಎರಡು ಕಡತಗಳ ವ್ಯತ್ಯಾಸವನ್ನು ಹುಡುಕುವ ‘ಡಿಫ್’ ಪ್ರೋಗ್ರಾಮನ್ನು ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಡಗ್ಲಸ್ ಮೆಕಿಲ್‌ರಾಯ್ 1970ರ ದಶಕದ ಮೊದಲ ವರ್ಷಗಳಲ್ಲಿ ಬರೆದರು. ಆ ವ್ಯತ್ಯಾಸವನ್ನು ಓದಿ ಹಳೆಯ ಕಡತವನ್ನು ತಾನೇ ತಿದ್ದುವ ‘ಪ್ಯಾಚ್’ ಪ್ರೋಗ್ರಾಮ್ 1985ರಲ್ಲಿ ಲ್ಯಾರಿ ವಾಲ್ ಅವರಿಂದ ಬಂತು. ಮುಂದೆ ಪರ್ಲ್ ಭಾಷೆಯನ್ನು ರೂಪಿಸಿದವರೂ ಇವರೇ. ಸಾಲುಗಳು ಅಷ್ಟಿಷ್ಟು ಮೇಲೆ ಕೆಳಗೆ ಸರಿದಿದ್ದರೂ ಅಕ್ಕಪಕ್ಕದ ಸಾಲುಗಳ ಗುರುತು ಹಿಡಿದು ಸರಿಯಾದ ಜಾಗವನ್ನು ಪತ್ತೆ ಮಾಡುವುದು ಈ ಪ್ರೋಗ್ರಾಮಿನ ದೊಡ್ಡ ಗುಣ. ಹೀಗಾಗಿ ಒಂದೇ ಪ್ರತಿ ಇಲ್ಲದ, ಪರಸ್ಪರ ಮುಖ ನೋಡದ ಜನ ಕೂಡ ಒಂದೇ ಕೋಡಿನ ಮೇಲೆ ಕೆಲಸ ಮಾಡುವುದು ಸಾಧ್ಯವಾಯಿತು. ಈ ಸಣ್ಣ ಸಾಧನಕ್ಕೆ ಸಲ್ಲಬೇಕಾದಷ್ಟು ಮನ್ನಣೆ ಇನ್ನೂ ಸಂದಿಲ್ಲ.

ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ತಮ್ಮ ಹೊಸ ಆಪರೇಟಿಂಗ್ ಸಿಸ್ಟಂನ ವಿಷಯವನ್ನು ಪ್ರಕಟಿಸಿದ್ದು 1991ರ ಆಗಸ್ಟ್ 25ರಂದು. ಸೆಪ್ಟೆಂಬರ್‌ನಲ್ಲಿ ಬಂದ 0.01 ಆವೃತ್ತಿಯಲ್ಲಿ ಇದ್ದದ್ದು ಸುಮಾರು 10,000 ಸಾಲು. ಮರುವರ್ಷ ಅವರು ಅದನ್ನು ಮುಕ್ತ ತಂತ್ರಾಂಶದ ಜಿಪಿಎಲ್ ಪರವಾನಗಿಗೆ ತಂದರು. ಬಳಸಿದವರು ತಪ್ಪು ಕಂಡಲ್ಲಿ ತಿದ್ದಿ ಇಮೇಲ್‌ನಲ್ಲಿ ಕಳಿಸುತ್ತಿದ್ದರು, ಲಿನಸ್ ಓದಿ ಒಪ್ಪಿಗೆಯಾದದ್ದನ್ನು ಕೈಯಾರೆ ಸೇರಿಸುತ್ತಿದ್ದರು. 1994ರ ಮಾರ್ಚ್‌ನಲ್ಲಿ 1.0 ಬರುವಾಗ ಕೋಡು 1,76,000 ಸಾಲು ದಾಟಿತ್ತು, ಕೊಡುಗೆದಾರರ ಹೆಸರುಗಳಿಗೆಂದೇ ಒಂದು ಕಡತವೂ ಅದರ ಜೊತೆಗಿತ್ತು. ಹಣ ಸಿಗದ ಕೆಲಸಕ್ಕೆ ಆ ಕಡತದ ಒಂದು ಸಾಲೇ ಸಂಭಾವನೆ. ಇಷ್ಟರಲ್ಲಿ ನೆಟ್‌ವರ್ಕಿಂಗ್‌ನಂಥ ಭಾಗಗಳ ಹೊಣೆ ಅಲನ್ ಕಾಕ್ಸ್ ಅವರಂಥ ಪಳಗಿದವರ ಕೈಗೆ ಹೋಗಿತ್ತು. ಒಂದೊಂದು ಭಾಗಕ್ಕೆ ಒಬ್ಬೊಬ್ಬ ಮೇಂಟೇನರ್ ಎಂಬ ಪದ್ಧತಿ ಬೇರೂರಿದ್ದು ಹೀಗೆ. ಹೊಸಬರ ಪ್ಯಾಚ್ ಮೊದಲು ಆ ಭಾಗದ ಮೇಂಟೇನರ್ ಬಳಿಗೆ ಹೋಗುತ್ತದೆ, ಅವರು ಮೆಚ್ಚಿದ್ದು ಮಾತ್ರ ಮೇಲೆ ಏರುತ್ತದೆ. ಲಿನಸ್ ಪ್ರತಿಯೊಂದು ಸಾಲನ್ನೂ ಓದಬೇಕಾಗಿಲ್ಲ, ಯಾರ ಕೈಯಿಂದ ಬಂತು ಎಂಬುದನ್ನು ನಂಬಿದರೆ ಸಾಕು.

ಆದರೂ ತುದಿಯಲ್ಲಿ ಕುಳಿತವರು ಒಬ್ಬರೇ. 1998ರ ಹೊತ್ತಿಗೆ ಕಳಿಸಿದ ಪ್ಯಾಚ್‌ಗಳು ಉತ್ತರವಿಲ್ಲದೆ ಕಳೆದುಹೋಗತೊಡಗಿದವು. ಬೇಸತ್ತವರು ಅದೇ ಪ್ಯಾಚನ್ನು ಮತ್ತೆ ಮತ್ತೆ ಕಳಿಸಿದರು, ಲಿನಸ್‌ರ ಅಂಚೆಪೆಟ್ಟಿಗೆ ಇನ್ನಷ್ಟು ತುಂಬಿತು. ಆ ಸೆಪ್ಟೆಂಬರ್‌ನಲ್ಲಿ ಮಾತು ಬಿಸಿಯೇರಿ, ಲಿನಸ್ ಕೆಲವು ದಿನ ದೂರ ಸರಿದರು. 2002ರ ಆರಂಭದಲ್ಲಿ ಅದೇ ದೂರು ಮರುಕಳಿಸಿತು. ಪರಿಹಾರವಾಗಿ ಬಂದದ್ದು ಲ್ಯಾರಿ ಮೆಕ್ವಾಯ್ ಅವರ ಕಂಪನಿಯ ಬಿಟ್‌ಕೀಪರ್. ಬದಲಾವಣೆಗಳ ಪೂರ್ತಿ ಇತಿಹಾಸವನ್ನು ಪ್ರತಿ ಮೇಂಟೇನರ್‌ನ ಕಂಪ್ಯೂಟರಿನಲ್ಲೂ ಇರಿಸಿ, ಬೇಕಾದಾಗ ಒಂದರಿಂದ ಇನ್ನೊಂದಕ್ಕೆ ಎಳೆದುಕೊಳ್ಳಲು ಅದು ಅನುವು ಮಾಡಿತು. ಕೆಲಸವೇನೋ ಚುರುಕಾಯಿತು. ಆದರೆ ಬಿಟ್‌ಕೀಪರ್ ಆಗ ಮುಕ್ತ ತಂತ್ರಾಂಶವಾಗಿರಲಿಲ್ಲ. ಉಚಿತವಾಗಿ ಬಳಸುವವರು ಅದಕ್ಕೆ ಪೈಪೋಟಿ ಕೊಡುವ ಸಾಧನ ಕಟ್ಟಬಾರದೆಂಬ ಕರಾರೂ ಇತ್ತು. ಮುಕ್ತ ತಂತ್ರಾಂಶದ ಹೆಸರಾಂತ ಯೋಜನೆಯೊಂದು ಬೇರೆಯವರ ಬೀಗದ ಕೈಗೆ ಸಿಕ್ಕಿದ್ದು ಅನೇಕರಿಗೆ ನೋವು ತಂದಿತ್ತು, ಆ ನೋವು ನ್ಯಾಯವಾದದ್ದೇ ಆಗಿತ್ತು.

ಇದೇ ಕಾಲದಲ್ಲಿ ಇನ್ನೊಂದು ದಿಕ್ಕಿನಿಂದ ಪೆಟ್ಟು ಬಿತ್ತು. ಹಳೆಯ ಆಪರೇಟಿಂಗ್ ಸಿಸ್ಟಂ ಯುನಿಕ್ಸ್‌ನ ಕೋಡನ್ನು ಐಬಿಎಂ ಲಿನಕ್ಸ್‌ಗೆ ಸೇರಿಸಿದೆಯೆಂದು ಎಸ್‌ಸಿಒ ಕಂಪನಿ 2003ರ ಮಾರ್ಚ್‌ನಲ್ಲಿ ಅದರ ಮೇಲೆ ದಾವೆ ಹೂಡಿತು. ಯಾವ ಸಾಲು ಯಾರಿಂದ ಬಂತು ಎಂದು ತೋರಿಸುವ ಕ್ರಮಬದ್ಧ ದಾಖಲೆ ಆಗ ಇರಲಿಲ್ಲ. 2004ರಲ್ಲಿ ಒಂದು ಸರಳ ಪದ್ಧತಿ ಜಾರಿಗೆ ಬಂತು: ಬರೆದವರು ಪ್ಯಾಚ್‌ನ ಕೊನೆಯಲ್ಲಿ ‘ಸೈನ್ಡ್ ಆಫ್ ಬೈ’ ಎಂದು ಹೆಸರು ಹಾಕಬೇಕು. ಈ ಕೋಡನ್ನು ಕೊಡುವ ಹಕ್ಕು ತನಗಿದೆ ಎಂಬ ಹೇಳಿಕೆ ಆ ಒಂದು ಸಾಲಿನಲ್ಲಿ ಅಡಗಿದೆ. ಪ್ಯಾಚನ್ನು ಮುಂದಕ್ಕೆ ದಾಟಿಸುವ ಪ್ರತಿ ಮೇಂಟೇನರ್ ಕೂಡ ಅದರ ಕೆಳಗೆ ತಮ್ಮ ಹೆಸರು ಸೇರಿಸುತ್ತಾರೆ. ಹಾಗಾಗಿ ಒಂದು ಪ್ಯಾಚ್ ಬರೆದವರಿಂದ ಲಿನಸ್‌ವರೆಗೆ ಯಾರ ಯಾರ ಕೈ ದಾಟಿತು ಎಂಬುದನ್ನು ಇಂದಿಗೂ ಓದಿ ತಿಳಿಯಬಹುದು. ವಕೀಲರ ಭಯದಿಂದ ಹುಟ್ಟಿದ ಈ ಸಾಲು ಕರ್ನಲ್‌ನ ಎಲ್ಲಕ್ಕಿಂತ ನಂಬಲರ್ಹ ಇತಿಹಾಸವಾಗಿ ಉಳಿದಿದೆ.

2005ರ ಏಪ್ರಿಲ್‌ನಲ್ಲಿ ಬಿಟ್‌ಕೀಪರ್‌ನ ಉಚಿತ ಬಳಕೆಯ ಸೌಲಭ್ಯ ನಿಂತಿತು. ಪ್ರೋಗ್ರಾಮರ್ ಆಂಡ್ರ್ಯೂ ಟ್ರಿಜೆಲ್ ಅದರ ಒಳವ್ಯವಹಾರವನ್ನು ಹೊರಗಿನಿಂದ ಪತ್ತೆ ಮಾಡಲು ಹೊರಟದ್ದು ಇದಕ್ಕೆ ಕಾರಣ. ಲಿನಸ್ ಕರ್ನಲ್ ಕೆಲಸ ಬದಿಗಿಟ್ಟು ಏಪ್ರಿಲ್ 3ರಂದು ಹೊಸ ಸಾಧನ ಬರೆಯಲು ಕುಳಿತರು. 7ರ ಹೊತ್ತಿಗೆ ಆ ಸಾಧನದ ಕೋಡು ಅದರೊಳಗೇ ದಾಖಲಾಗುತ್ತಿತ್ತು. ಅದೇ ಗಿಟ್. ಜುಲೈನಲ್ಲಿ ಅದರ ಹೊಣೆ ಜುನಿಯೊ ಹಮಾನೊ ಅವರಿಗೆ ಹೋಯಿತು. ಪ್ರತಿ ಬದಲಾವಣೆಗೂ ಅದರ ಒಳವಸ್ತುವಿನಿಂದಲೇ ಲೆಕ್ಕ ಹಾಕಿದ ಗುರುತು ಇರುವುದರಿಂದ, ಹಳೆಯ ದಾಖಲೆಯನ್ನು ಯಾರಿಗೂ ಗೊತ್ತಾಗದಂತೆ ತಿದ್ದುವುದು ಗಿಟ್‌ನಲ್ಲಿ ಬಹಳ ಕಷ್ಟ.

ಗಿಟ್ ಬಂದ ಮೇಲೆ ಕಾಲಪಟ್ಟಿಯೂ ನೆಲೆ ನಿಂತಿತು. ಹಿಂದೆ 2.4 ಆವೃತ್ತಿಯಿಂದ 2.6ಕ್ಕೆ ಹೋಗಲು ಸುಮಾರು ಮೂರು ವರ್ಷ ಹಿಡಿದಿತ್ತು. ಈಗ ಹೊಸ ಕೋಡಿಗೆ ಎರಡು ವಾರ ಬಾಗಿಲು ತೆರೆದಿರುತ್ತದೆ, ಮುಂದಿನ ಆರೇಳು ವಾರ ತಪ್ಪು ತಿದ್ದುವುದಷ್ಟೇ ಕೆಲಸ. ಒಂಬತ್ತು ಹತ್ತು ವಾರಕ್ಕೊಮ್ಮೆ ಬರುವ ಪ್ರತಿ ಆವೃತ್ತಿಯಲ್ಲೂ ಸಾವಿರಕ್ಕೂ ಹೆಚ್ಚು ಜನರ ಕೊಡುಗೆ ಇರುತ್ತದೆ. ಅವರಲ್ಲಿ ಬಹುಪಾಲು ಕಂಪನಿಗಳ ಸಂಬಳದಲ್ಲಿರುವವರು.

ಬೆಂಗಳೂರಿನ ಪಾಲೂ ಇದರಲ್ಲಿದೆ. ಹಲವು ಪ್ರೊಸೆಸರ್‌ಗಳು ಒಂದೇ ದತ್ತಾಂಶವನ್ನು ಬೀಗ ಹಾಕಿಕೊಳ್ಳದೆ ಓದಲು ನೆರವಾಗುವ ಆರ್‌ಸಿಯು ಎಂಬ ವಿಧಾನ 2002ರ ಅಕ್ಟೋಬರ್‌ನಲ್ಲಿ, 2.5.43 ಆವೃತ್ತಿಯಲ್ಲಿ, ಕರ್ನಲ್ ಸೇರಿತು. ಅದನ್ನು ಪಾಲ್ ಮೆಕೆನ್ನಿ ಅವರೊಂದಿಗೆ ಲಿನಕ್ಸ್‌ಗೆ ಒಗ್ಗಿಸಿದವರು ಐಬಿಎಂನ ಬೆಂಗಳೂರು ಕೇಂದ್ರದಲ್ಲಿದ್ದ ದೀಪಂಕರ್ ಸರ್ಮಾ. ಇದೇ ಊರಿನಲ್ಲಿ 2001ರಲ್ಲಿ ಆರಂಭವಾದ ‘ಲಿನಕ್ಸ್ ಬೆಂಗಳೂರು’ ಸಮ್ಮೇಳನ 2005ರಲ್ಲಿ ‘ಫಾಸ್ ಡಾಟ್ ಇನ್’ ಎಂದು ಹೆಸರು ಬದಲಿಸಿತು. ಬಳಸುವುದಷ್ಟೇ ಸಾಲದು, ಕೊಡುಗೆಯನ್ನೂ ಕೊಡಬೇಕೆಂಬ ಒತ್ತಾಯ ಅಲ್ಲಿ ವರ್ಷದಿಂದ ವರ್ಷಕ್ಕೆ ಗಟ್ಟಿಯಾಯಿತು.

ಪ್ಯಾಚ್ ತಿರಸ್ಕರಿಸುವಾಗ ಬಳಸುವ ಮಾತು ಬಹುಕಾಲ ಒರಟಾಗಿತ್ತು. ಪ್ರತಿಭೆಯುಳ್ಳ ಕೆಲವರು ಇದರಿಂದಲೇ ದೂರವಾದರು, ಆ ನಷ್ಟ ಸಣ್ಣದಲ್ಲ. 2018ರ ಸೆಪ್ಟೆಂಬರ್‌ನಲ್ಲಿ ಲಿನಸ್ ತಮ್ಮ ನಡವಳಿಕೆಗಾಗಿ ಕ್ಷಮೆ ಕೋರಿ ಕೆಲವು ವಾರ ಬಿಡುವು ಪಡೆದರು. ಅದೇ ತಿಂಗಳು ಯೋಜನೆ ಹೊಸ ನಡವಳಿಕೆ ಸಂಹಿತೆಯನ್ನು ಅಳವಡಿಸಿಕೊಂಡಿತು.

ನಂಬಿಕೆಯ ಕಠಿಣ ಪರೀಕ್ಷೆ 2021ರಲ್ಲಿ ಬಂತು. ರಿವ್ಯೂ ಮಾಡುವವರ ಕಣ್ಣು ತಪ್ಪಿಸಬಹುದೇ ಎಂದು ನೋಡಲು ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದ ಸಂಶೋಧಕರು ಬೇಕೆಂದೇ ದೋಷವಿಟ್ಟ ಪ್ಯಾಚ್‌ಗಳನ್ನು ಕಳಿಸಿದ್ದರು. ಏಪ್ರಿಲ್‌ನಲ್ಲಿ ಕರ್ನಲ್‌ನ ಹಿರಿಯ ಮೇಂಟೇನರ್ ಗ್ರೆಗ್ ಕ್ರೋ ಹಾರ್ಟ್‌ಮನ್ ಆ ವಿಶ್ವವಿದ್ಯಾಲಯದಿಂದ ಬರುವ ಕೊಡುಗೆಗಳನ್ನೇ ತಡೆದರು. ಅಲ್ಲಿಂದ ಹಿಂದೆ ಬಂದಿದ್ದ ನೂರಾರು ಬದಲಾವಣೆಗಳನ್ನು ಸ್ವಯಂಸೇವಕರು ಒಂದೊಂದಾಗಿ ಮತ್ತೆ ಓದಿದರು. ಬಹುತೇಕ ಎಲ್ಲವೂ ಪ್ರಾಮಾಣಿಕ ಕೆಲಸವೇ ಆಗಿತ್ತು. ಸಂಶೋಧಕರು ತಮ್ಮ ಪ್ರಬಂಧವನ್ನು ಹಿಂತೆಗೆದುಕೊಂಡರು. ಮುಂದೆ ಅಲ್ಲಿಂದ ಬರುವ ಪ್ಯಾಚ್‌ಗಳನ್ನು ಅನುಭವವುಳ್ಳ ಒಬ್ಬರು ಮೊದಲು ಪರಿಶೀಲಿಸಿ ಕಳಿಸಬೇಕೆಂದು ಲಿನಕ್ಸ್ ಫೌಂಡೇಶನ್‌ನ ತಾಂತ್ರಿಕ ಸಲಹಾ ಮಂಡಳಿ ಸೂಚಿಸಿತು.